‘ಆಗಿದೆ’ ತೆಗೆದರೆ ವಾಕ್ಯಕ್ಕೆ ಏನಾಗುತ್ತದೆ?

‘ನಿಮ್ಮ ಪಾಸ್‌ವರ್ಡ್ ತಪ್ಪಾಗಿದೆ.’ ‘ಇದು ಒಂದು ಉಚಿತ ಸೇವೆಯಾಗಿದೆ.’ ‘ಈ ಫೋನ್ ಎರಡು ಕ್ಯಾಮೆರಾಗಳನ್ನು ಹೊಂದಿದೆ.’ ‘ನಿಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ.’ ಮೊಬೈಲ್ ತೆರೆದರೆ ಇಂಥ ಕನ್ನಡ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ. ಒಂದರಲ್ಲೂ ವ್ಯಾಕರಣದ ತಪ್ಪಿಲ್ಲ, ಅರ್ಥವೂ ಆಗುತ್ತದೆ. ಆದರೂ ಓದುವಾಗ ಮರಳು ಅಗಿದ ಹಾಗೆ. ಗೂಗಲ್ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರಲ್ಲಿ. ಅಲ್ಲಿಂದೀಚೆಗೆ ಯಂತ್ರ ಬರೆದ ಕನ್ನಡವನ್ನು ಓದುವುದು, ತಿದ್ದುವುದು, ಕೆಲವೊಮ್ಮೆ ಅರಿವಿಲ್ಲದೆ ಅದನ್ನೇ ಅನುಕರಿಸುವುದು ಎಷ್ಟೋ ಜನರ ದಿನದ ಕೆಲಸದೊಳಗೆ ಸೇರಿಕೊಂಡಿದೆ.

ಮರಳು ಎಲ್ಲಿಂದ ಬಂತು ಎಂದು ಹುಡುಕಿದರೆ ಬಹುಪಾಲು ಸಿಗುವುದು ವಾಕ್ಯದ ಕೊನೆಯ ಪದದಲ್ಲಿ: ಆಗಿದೆ, ಆಗಿರುತ್ತದೆ, ಇದೆ, ಹೊಂದಿದೆ, ಮಾಡಲಾಗಿದೆ. ಇವನ್ನು ಯಾವಾಗ ತೆಗೆಯಬೇಕು, ಯಾವಾಗ ಬಿಡಬೇಕು, ತೆಗೆದ ಜಾಗದಲ್ಲಿ ಏನಿಡಬೇಕು ಎಂಬುದನ್ನು ಬುಡದಿಂದ ನೋಡೋಣ.

ಕೆಲಸ ಮಾಡುವ ಪದ, ಅಂಟಿಸುವ ಪದ

ಕ್ರಿಯಾಪದಗಳಲ್ಲಿ ಎರಡು ಬಗೆ. ‘ಮಗು ಬಿತ್ತು’ ಎಂದಾಗ ‘ಬಿತ್ತು’ ಒಂದು ಚಿತ್ರ ಕೊಡುತ್ತದೆ. ‘ಮಗು ಚಿಕ್ಕದಾಗಿದೆ’ ಎಂದಾಗ ‘ಆಗಿದೆ’ ಯಾವ ಚಿತ್ರವನ್ನೂ ಕೊಡುವುದಿಲ್ಲ, ‘ಮಗು’ ಮತ್ತು ‘ಚಿಕ್ಕದು’ ಎಂಬ ಎರಡು ಪದಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಅಷ್ಟೆ. ಇಂಗ್ಲಿಷ್ ವ್ಯಾಕರಣದಲ್ಲಿ ಈ ಎರಡನೆಯ ಬಗೆಗೆ ಲಿಂಕಿಂಗ್ ವರ್ಬ್ ಎಂದು ಹೆಸರು. ಇಲ್ಲಿ ಇದನ್ನು ಅಂಟುಪದ ಎಂದು ಕರೆಯೋಣ. ಗೋಂದಿಗೆ ತನ್ನದೇ ಬಣ್ಣವಿಲ್ಲ. ಹೆಚ್ಚಾದರೆ ಮಾತ್ರ ಕಾಗದದ ಮೇಲೆ ಕಲೆ ಕಾಣುತ್ತದೆ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ‘ಈಸ್’, ‘ವಾಸ್’ ಕಡಿಮೆ ಮಾಡಿ ಎಂಬ ಬುದ್ಧಿವಾದ ಹಳೆಯದು. ಡೇವಿಡ್ ಬೋರ್‌ಲ್ಯಾಂಡ್ ಎಂಬವರು 1965ರಲ್ಲಿ ಇದನ್ನು ಕೊನೆಯ ತುದಿಗೆ ಒಯ್ದು, ‘ಬಿ’ ಕ್ರಿಯಾಪದದ ಯಾವ ರೂಪವೂ ಇಲ್ಲದ ಇಂಗ್ಲಿಷನ್ನು ಮುಂದಿಟ್ಟರು. ಅದಕ್ಕೆ ‘ಇ-ಪ್ರೈಮ್’ ಎಂದು ಹೆಸರು. ಅಲ್ಲಿ ಇದು ಕಷ್ಟದ ಕಸರತ್ತು. ಇಂಗ್ಲಿಷ್ ವಾಕ್ಯದ ನಡುವಿನಿಂದ ‘ಈಸ್’ ಕಿತ್ತರೆ ವಾಕ್ಯವೇ ಮುರಿದು ಬೀಳುತ್ತದೆ, ಆದ್ದರಿಂದ ಬದಲಿಗೆ ಬೇರೊಂದು ಕ್ರಿಯಾಪದವನ್ನು ಹುಡುಕಲೇಬೇಕು.

ಕನ್ನಡದ ಸ್ಥಿತಿ ಬೇರೆ. ನಮ್ಮಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ಓದುವವರ ಕಿವಿಯಲ್ಲಿ ಉಳಿಯುವ ಸದ್ದು ಅದೇ. ಇಂಗ್ಲಿಷಿನ ‘ಈಸ್’ ವಾಕ್ಯದ ನಡುವೆ ಅಡಗಿ ಕೂತರೆ, ಕನ್ನಡದ ‘ಆಗಿದೆ’ ಬಾಗಿಲಲ್ಲೇ ನಿಂತಿರುತ್ತದೆ. ಐದು ವಾಕ್ಯ ಸಾಲಾಗಿ ‘ಆಗಿದೆ’ಯಲ್ಲಿ ಮುಗಿದರೆ ಒಂದೇ ತಾಳ ಐದು ಸಲ ಬಡಿದ ಹಾಗೆ. ಒಂದು ಸಮಾಧಾನವೂ ಉಂಟು. ಇಂಗ್ಲಿಷಿಗೆ ಇಲ್ಲದ ಸವಲತ್ತೊಂದು ಕನ್ನಡಕ್ಕಿದೆ: ಅಂಟನ್ನು ಕಿತ್ತು ಆ ಜಾಗವನ್ನು ಖಾಲಿ ಬಿಡಬಹುದು.

ಅಂಟಿಲ್ಲದೆ ನಿಲ್ಲುವ ವಾಕ್ಯ

ಗಾದೆಗಳನ್ನು ನೋಡಿ. ‘ಮಾತು ಬೆಳ್ಳಿ, ಮೌನ ಬಂಗಾರ.’ ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ.’ ಒಂದರಲ್ಲೂ ಕ್ರಿಯಾಪದವೇ ಇಲ್ಲ. ಈಗ ಮೊದಲನೆಯದಕ್ಕೆ ಯಂತ್ರಾನುವಾದದ ಅಂಗಿ ತೊಡಿಸಿ: ‘ಮಾತು ಬೆಳ್ಳಿಯಾಗಿದೆ ಮತ್ತು ಮೌನವು ಬಂಗಾರವಾಗಿದೆ.’ ಗಾದೆ ಅಲ್ಲೇ ಸತ್ತಿತು.

ಎರಡು ನಾಮಪದಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಕನ್ನಡದಲ್ಲಿ ಅದು ಪೂರ್ತಿ ವಾಕ್ಯ. ‘ಅವಳು ನನ್ನ ತಂಗಿ.’ ‘ಇದು ಬೇವಿನ ಮರ.’ ತಮಿಳು, ತೆಲುಗಿನಲ್ಲೂ ಹೀಗೇ. ರಷ್ಯನ್, ಅರಬ್ಬಿ ಭಾಷೆಗಳಲ್ಲೂ ವರ್ತಮಾನ ಕಾಲದಲ್ಲಿ ಹೀಗೇ. ಹಾಗಾಗಿ ‘ತಿಮಿಂಗಿಲವು ಒಂದು ಸಸ್ತನಿಯಾಗಿದೆ’ ಎಂಬಲ್ಲಿ ‘ಆಗಿದೆ’ಗೆ ಮಾಡಲು ಕೆಲಸವೇ ಇಲ್ಲ. ‘ತಿಮಿಂಗಿಲ ಸಸ್ತನಿ’ ಸಾಕು. ಈ ತಿದ್ದುಪಡಿಯಲ್ಲಿ ಇನ್ನೆರಡು ಪದಗಳೂ ತೆಳ್ಳಗಾದವು, ಗಮನಿಸಿ. ‘ತಿಮಿಂಗಿಲವು’ ಎಂಬುದರ ‘ಉ’ ಬಿತ್ತು, ಇಂಗ್ಲಿಷಿನ ‘ಎ’ ಹೊತ್ತು ತಂದಿದ್ದ ‘ಒಂದು’ ಹೋಯಿತು. ಈ ಮೂರೂ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ, ಒಟ್ಟಿಗೇ ತೊಲಗುತ್ತವೆ.

ಎಲ್ಲಿ ಕೀಳಬಹುದು, ಎಲ್ಲಿ ಕೀಳಬಾರದು ಎಂದು ತಿಳಿಯಲು ಒಂದು ಪರೀಕ್ಷೆ ಭಾಷೆಯೊಳಗೇ ಇದೆ. ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ನೋಡಿ. ಬಾಯಿಗೆ ‘ಅಲ್ಲ’ ಬಂದರೆ ಅಂಟು ಬೇಡ. ‘ಇಲ್ಲ’ ಬಂದರೆ ಬೇಕು.

‘ತಿಮಿಂಗಿಲ ಮೀನಾಗಿದೆ’ ಎಂದು ಯಾರಾದರೂ ಹೇಳಿದರೆ ನೀವು ಏನನ್ನುತ್ತೀರಿ? ‘ಮೀನಲ್ಲ’ ಅನ್ನುತ್ತೀರಿ. ಅಂದರೆ ಇದು ‘ಇಂಥದ್ದೇ ಇದು’ ಎಂದು ಗುರುತಿಸುವ ವಾಕ್ಯ; ‘ಆಗಿದೆ’ ತೆಗೆಯಬಹುದು. ‘ಕೋಣೆ ಸ್ವಚ್ಛವಾಗಿದೆ’ ಎಂಬುದಕ್ಕೆ ಎದುರು ‘ಸ್ವಚ್ಛವಾಗಿಲ್ಲ’. ಇದು ಸದ್ಯದ ಸ್ಥಿತಿ ಹೇಳುವ ವಾಕ್ಯ. ಕಿತ್ತು ‘ಕೋಣೆ ಸ್ವಚ್ಛ’ ಎಂದಿಟ್ಟರೆ ಪಟ್ಟಿಗೆ ಹಾಕಿದ ಗುರುತಿನಂತೆ ಕೇಳುತ್ತದೆ. ‘ಅಂಗಳದಲ್ಲಿ ಬಾವಿ ಇದೆ’ ಎಂಬುದಕ್ಕೆ ‘ಬಾವಿ ಇಲ್ಲ’. ಇದು ಇರುವಿಕೆ ಹೇಳುವ ವಾಕ್ಯ. ಇಲ್ಲಿ ‘ಇದೆ’ಯೇ ವಿಷಯ.

‘ದೊಡ್ಡದು, ಹಳೆಯದು, ಒಳ್ಳೆಯದು’ ಬಗೆಯ ಪದಗಳು ‘ಅಲ್ಲ’ದ ಕಡೆ ಬೀಳುತ್ತವೆ. ‘ಈ ಸೇತುವೆ ಬಹಳ ಹಳೆಯದಾಗಿದೆ’ ಎನ್ನುವ ಬದಲು ‘ಬಹಳ ಹಳೆಯದು’ ಎಂದರೆ ಮುಗಿಯಿತು.

ವ್ಯಾಖ್ಯೆ ಬರೆಯುವಾಗ ಕಾಡುವುದು ‘ಆಗಿರುತ್ತದೆ’. ‘ತ್ರಿಭುಜವು ಮೂರು ಬಾಹುಗಳುಳ್ಳ ಆಕೃತಿಯಾಗಿರುತ್ತದೆ’ ಎಂಬ ವಾಕ್ಯಕ್ಕೆ ಕನ್ನಡದ್ದೇ ಆದ ಎರಡು ದಾರಿಗಳಿವೆ. ಒಂದು ‘ಎಂದರೆ’: ‘ತ್ರಿಭುಜ ಎಂದರೆ ಮೂರು ಬಾಹುಗಳ ಆಕೃತಿ.’ ಇನ್ನೊಂದು ಒತ್ತಿ ಹೇಳುವ ‘ಏ’: ‘ಮೂರು ಬಾಹುಗಳ ಆಕೃತಿಯೇ ತ್ರಿಭುಜ.’ ‘ಕಾಯಕವೇ ಕೈಲಾಸ’ದಲ್ಲಿ ಎರಡು ಪದಗಳನ್ನು ಬಿಗಿದು ಹಿಡಿದಿರುವುದು ಆ ಒಂದು ‘ಏ’ ಸ್ವರ. ನೋಟಿಸಿನ ‘ಅರ್ಜಿ ಸಲ್ಲಿಸಲು ಕೊನೆಯ ದಿನಾಂಕ 15 ಆಗಿರುತ್ತದೆ’ ಕೂಡ ‘ಅರ್ಜಿ ಸಲ್ಲಿಸಲು 15 ಕೊನೆಯ ದಿನ’ ಎಂದರೆ ಕಾನೂನಿನ ಬಲ ಕಿಂಚಿತ್ತೂ ಕುಗ್ಗುವುದಿಲ್ಲ.

ಕಿತ್ತರೆ ಅರ್ಥ ಕೆಡುವ ಜಾಗಗಳು

‘ಆಗು’ ಹುಟ್ಟಿನಿಂದ ದುರ್ಬಲ ಪದವಲ್ಲ. ಹಾಲು ಮೊಸರಾಯಿತು ಎಂದರೆ ಒಂದು ಇನ್ನೊಂದಾಗಿ ಮಾರ್ಪಟ್ಟಿತು. ಕೆಲಸ ಆಯಿತು ಎಂದರೆ ಮುಗಿಯಿತು. ಅವರಿಬ್ಬರಿಗೆ ಆಗದು ಎಂದರೆ ಹೊಂದಿಕೆಯಿಲ್ಲ. ನನ್ನ ಕೈಲಿ ಆಗದು ಎಂದರೆ ಸಾಧ್ಯವಿಲ್ಲ. ಇಷ್ಟೆಲ್ಲ ಕಡೆ ಅದು ಪೂರ್ತಿ ದುಡಿಯುತ್ತದೆ. ಈ ಅರ್ಥಗಳಲ್ಲಿ ಬಂದಾಗ ಮುಟ್ಟಬೇಡಿ.

‘ಆ ಹಳ್ಳಿ ಈಗ ನಗರವಾಗಿದೆ’ ಎಂಬಲ್ಲಿ ಬದಲಾವಣೆಯ ಸುದ್ದಿಯಿದೆ. ‘ಆ ಹಳ್ಳಿ ಈಗ ನಗರ’ ಎಂದರೆ ಸುದ್ದಿ ಮಂಕಾಗುತ್ತದೆ. ‘ಅಂಗಿ ಹಳೆಯದಾಗಿದೆ’ ಎಂದರೆ ಹಾಕಿ ಹಾಕಿ ಸವೆದಿದೆ. ‘ಅಂಗಿ ಹಳೆಯದು’ ಎಂದರೆ ಕೊಂಡಾಗಲೇ ಹಳೆಯದಿದ್ದಿರಬಹುದು. ಇದೇ ಕಾರಣಕ್ಕೆ ‘ಅವರು ಸಂಘದ ಅಧ್ಯಕ್ಷರಾಗಿದ್ದಾರೆ’ ಎಂಬುದು ಎರಡು ಅರ್ಥ ಕೊಡುವ ವಾಕ್ಯ: ಈಗ ಅಧ್ಯಕ್ಷರು ಎಂದೂ ಓದಬಹುದು, ಹೊಸದಾಗಿ ಆಯ್ಕೆಯಾದರು ಎಂದೂ ಓದಬಹುದು. ಮೊದಲನೆಯದು ಬೇಕಿದ್ದರೆ ‘ಅವರು ಸಂಘದ ಅಧ್ಯಕ್ಷರು’ ಎಂದು ಬರೆದರೆ ಗೊಂದಲ ಕಳೆಯಿತು.

ಇನ್ನೊಂದು ತೊಡಕು ಕಾಲದ್ದು. ಕ್ರಿಯಾಪದವಿಲ್ಲದ ವಾಕ್ಯ ತಾನಾಗಿ ಭೂತಕಾಲವನ್ನು ಹೊರಲಾರದು. ‘ಅವರು ಶಿಕ್ಷಕರಾಗಿದ್ದರು’ ಎಂಬಲ್ಲಿ ‘ಆಗಿದ್ದರು’ ತೆಗೆದರೆ ಅವರು ಇಂದಿಗೂ ಪಾಠ ಹೇಳುತ್ತಿರುವಂತಾಗುತ್ತದೆ. ಇಲ್ಲಿ ಕೀಳುವುದಲ್ಲ, ಬದಲಿಸುವುದು: ‘ಅವರು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದರು.’ ಕತೆಯ ನಡುವೆ ಮಾತ್ರ ಸಡಿಲಿಕೆ ಇದೆ. ಹಿಂದುಮುಂದಿನ ವಾಕ್ಯಗಳು ಭೂತಕಾಲವನ್ನು ಗಟ್ಟಿಯಾಗಿ ಹಿಡಿದಿದ್ದರೆ ನಡುವೆ ಒಂದು ಕ್ರಿಯಾಪದವಿಲ್ಲದ ವಾಕ್ಯ ಹಾಯಾಗಿ ಕೂರುತ್ತದೆ.

‘ಹೊಂದಿದೆ’

‘ಮನೆಯು ನಾಲ್ಕು ಕೋಣೆಗಳನ್ನು ಹೊಂದಿದೆ.’ ಇದು ಇಂಗ್ಲಿಷಿನ ‘ಹ್ಯಾಸ್’ ಕನ್ನಡದ ವೇಷ ಹಾಕಿ ಬಂದದ್ದು. ‘ಹೊಂದು’ ಎಂದರೆ ಪಡೆ, ಸೇರು, ಒಗ್ಗು. ಜಯ ಹೊಂದಬಹುದು, ಮರಣ ಹೊಂದಬಹುದು, ಬಣ್ಣ ಬಣ್ಣಕ್ಕೆ ಹೊಂದಬಹುದು. ಮನೆ ಹೋಗಿ ಕೋಣೆಗಳನ್ನು ಪಡೆದು ಬಂದಿಲ್ಲ.

ಒಡೆತನ, ಅಂಗ, ನಂಟು ಹೇಳಲು ಕನ್ನಡ ಬಳಸುವುದು ‘ಗೆ’, ‘ಕ್ಕೆ’ ಮತ್ತು ‘ಅಲ್ಲಿ’ ಪ್ರತ್ಯಯಗಳನ್ನು. ಮನೆಯಲ್ಲಿ ನಾಲ್ಕು ಕೋಣೆಗಳಿವೆ. ಜೇಡಕ್ಕೆ ಎಂಟು ಕಾಲು. ಅವರಿಗೆ ಇಬ್ಬರು ಮಕ್ಕಳು. ‘ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’ ಎಂದು ಯಾವ ಅಜ್ಜಿಯೂ ಹೇಳಿರಲಾರಳು. ಇಲ್ಲಿ ‘ಇವೆ’ ಎಂಬ ಅಂಟುಪದಕ್ಕೆ ಹಿಂತಿರುಗಿದ್ದೇ ಸುಧಾರಣೆ ಎಂಬುದನ್ನು ಗಮನಿಸಬೇಕು. ಎಲ್ಲ ‘ಇದೆ’ಯೂ ಶತ್ರುವಲ್ಲ.

ಹೆಸರಿನೊಳಗೆ ಸಿಕ್ಕಿಬಿದ್ದ ಕ್ರಿಯೆ

‘ಬೆಲೆಯಲ್ಲಿ ಹೆಚ್ಚಳವಾಗಿದೆ’ ಎಂಬ ವಾಕ್ಯದಲ್ಲಿ ನಿಜವಾಗಿ ನಡೆದದ್ದೇನು? ಹೆಚ್ಚಿದ್ದು. ಆ ಕ್ರಿಯೆಯನ್ನು ಹಿಡಿದು ‘ಹೆಚ್ಚಳ’ ಎಂಬ ನಾಮಪದ ಮಾಡಿ, ವಾಕ್ಯದ ಕೊನೆ ಖಾಲಿಯಾಯಿತಲ್ಲ ಎಂದು ಅಲ್ಲಿಗೊಂದು ‘ಆಗಿದೆ’ ತಂದು ಕೂರಿಸಿದ್ದಾರೆ. ಬಿಡಿಸುವುದು ಸುಲಭ: ‘ಬೆಲೆ ಹೆಚ್ಚಿದೆ.’

ಸಿಕ್ಕಿಬಿದ್ದ ಕ್ರಿಯೆಯನ್ನು ಬಾಲದಿಂದ ಗುರುತಿಸಬಹುದು. ‘ಇಕೆ’, ‘ಕೆ’, ‘ಣೆ’, ‘ನೆ’, ‘ತ’, ‘ಳ’ಗಳಲ್ಲಿ ಮುಗಿಯುವ ನಾಮಪದದ ಹಿಂದೆಯೇ ಮಾಡು, ಆಗು, ನಡೆಸು, ನೀಡು, ಕೈಗೊಳ್ಳು, ಗೊಳ್ಳು, ಕಾಣು ಎಂಬ ಪದ ಬಂದರೆ ಅನುಮಾನಿಸಿ. ‘ಬಳಕೆ ಮಾಡುತ್ತಾರೆ’ ಎಂದರೆ ಬಳಸುತ್ತಾರೆ. ‘ಹಂಚಿಕೆ ಮಾಡಲಾಯಿತು’ ಎಂದರೆ ಹಂಚಿದರು. ‘ಪರಿಶೀಲನೆ ನಡೆಸಿದರು’ ಎಂದರೆ ಪರಿಶೀಲಿಸಿದರು. ‘ಕುಸಿತ ಕಂಡಿದೆ’ ಎಂದರೆ ಕುಸಿದಿದೆ. ‘ಮುಕ್ತಾಯಗೊಂಡಿತು’ ಎಂದರೆ ಮುಗಿಯಿತು, ಇನ್ನೇನು.

ಪತ್ರಿಕೆ, ಕಚೇರಿ ಭಾಷೆಯಲ್ಲಿ ಇದು ಅತಿ ಹೆಚ್ಚು. ಎರಡು ಪದದ ಕ್ರಿಯೆ ಒಂದು ಪದದ್ದಕ್ಕಿಂತ ಗಂಭೀರ ಎಂಬ ಭ್ರಮೆ ಅದಕ್ಕೆ ಕಾರಣವಿರಬೇಕು. ಆದರೆ ಎಲ್ಲ ಜೋಡಿಯನ್ನೂ ಬಿಡಿಸಲು ಬರುವುದಿಲ್ಲ. ‘ಊಟ ಮಾಡು’, ‘ಸ್ನಾನ ಮಾಡು’, ‘ಫೋನ್ ಮಾಡು’ ಇವು ಜೋಡಿಯಾಗಿಯೇ ಒಂದು ಕ್ರಿಯೆ. ‘ಸ್ನಾನಿಸಿದ’ ಎಂದರೆ ಜನ ನಗುತ್ತಾರೆ. ಹಾಗೆಯೇ ನಾಮಪದಕ್ಕೆ ವಿಶೇಷಣ ಅಂಟಿಕೊಂಡಿದ್ದರೆ ಬಿಡಿಸುವಾಗ ಅದು ಕೈಬಿಟ್ಟು ಹೋಗದಂತೆ ನೋಡಿಕೊಳ್ಳಬೇಕು: ‘ದಿಢೀರ್ ಕುಸಿತ ಕಂಡಿದೆ’ ಎಂಬುದು ‘ದಿಢೀರನೆ ಕುಸಿದಿದೆ’ ಎಂದಾಗಬೇಕು.

ಯಾರೂ ಮಾಡದ ಕೆಲಸ: ‘ಮಾಡಲಾಗಿದೆ’

‘ರಸ್ತೆಯನ್ನು ಅಗೆಯಲಾಗಿದೆ.’ ಅಗೆದವರು ಯಾರು? ವಾಕ್ಯ ಹೇಳುವುದಿಲ್ಲ. ವ್ಯಾಕರಣದಲ್ಲಿ ಇದು ಕರ್ಮಣಿ ಪ್ರಯೋಗ: ಮಾಡಿದವರನ್ನು ಹಿಂದೆ ಸರಿಸಿ, ಮಾಡಿಸಿಕೊಂಡದ್ದನ್ನು ಮುಂದೆ ತರುವ ರೀತಿ. ‘ಲಾಗಿದೆ’, ‘ಲಾಯಿತು’, ‘ಲ್ಪಟ್ಟಿದೆ’ ಇದರ ಗುರುತು. ಇದರಿಂದ ಹೊರಬರಲು ಮೂರು ದಾರಿಗಳಿವೆ, ಯಾವುದು ಸರಿ ಎಂಬುದು ನಿಮಗೆ ಏನು ಗೊತ್ತಿದೆ ಎಂಬುದರ ಮೇಲೆ ನಿಂತಿದೆ.

ಮಾಡಿದವರು ಗೊತ್ತಿದ್ದರೆ ಅವರನ್ನೇ ಕರ್ತೃವಾಗಿಸಿ. ‘ಅಧಿಕಾರಿಗಳಿಂದ ಕಡತಗಳನ್ನು ಪರಿಶೀಲಿಸಲಾಯಿತು’ ಎಂಬುದು ‘ಅಧಿಕಾರಿಗಳು ಕಡತಗಳನ್ನು ಪರಿಶೀಲಿಸಿದರು’ ಎಂದಾಗಲಿ. ಗೊತ್ತಿಲ್ಲದಿದ್ದರೆ, ಅಥವಾ ಹೇಳಬೇಕಾದ ಅಗತ್ಯವಿಲ್ಲದಿದ್ದರೆ, ಕನ್ನಡ ಮಾತಿನ ಹಳೆಯ ಉಪಾಯವೊಂದಿದೆ: ಕರ್ತೃವನ್ನು ಹೇಳದೆ ಕ್ರಿಯಾಪದವನ್ನು ಮಾತ್ರ ಬಹುವಚನದಲ್ಲಿಡುವುದು. ‘ರಸ್ತೆ ಅಗೆದಿದ್ದಾರೆ.’ ಯಾರೋ ಅಗೆದಿದ್ದಾರೆ ಎಂಬುದು ಅಷ್ಟರಲ್ಲೇ ಬಂತು. ಮಾತಿನಲ್ಲಿ ನಾವೆಲ್ಲ ಬಳಸುವುದು ಇದನ್ನೇ. ಬರೆಯಲು ಕೂತಾಗ ಮರೆಯುತ್ತೇವೆ.

ಮೂರನೆಯದು, ತಾನಾಗಿ ಆಗುವ ಕ್ರಿಯೆಯ ಜೋಡಿಯನ್ನು ಹುಡುಕುವುದು. ಬದಲಾಯಿಸು–ಬದಲಾಗು, ಇಳಿಸು–ಇಳಿ, ನಿಲ್ಲಿಸು–ನಿಲ್ಲು. ‘ವೇಳಾಪಟ್ಟಿಯನ್ನು ಬದಲಾಯಿಸಲಾಗಿದೆ’ ಎನ್ನುವಲ್ಲಿ ‘ವೇಳಾಪಟ್ಟಿ ಬದಲಾಗಿದೆ’ ಸಾಕು. ಆದರೆ ಇಲ್ಲೊಂದು ಹೊಂಡವಿದೆ. ‘ಸೇವೆಯನ್ನು ನಿಲ್ಲಿಸಲಾಗಿದೆ’ ಎಂಬುದನ್ನು ‘ಸೇವೆ ನಿಂತಿದೆ’ ಎಂದು ತಿದ್ದಿದರೆ ವಾಕ್ಯ ಚಿಕ್ಕದಾಯಿತು, ಹೊಣೆ ಮಾಯವಾಯಿತು. ನಿಲ್ಲಿಸುವುದು ಯಾರದೋ ತೀರ್ಮಾನ. ನಿಲ್ಲುವುದು ಕೆಟ್ಟುಹೋಗಿಯೂ ಆಗಬಹುದು. ಹೊಣೆ ಮುಖ್ಯವಾದ ಕಡೆ ‘ನಿಲ್ಲಿಸಿದ್ದಾರೆ’ ಎಂಬುದೇ ಸರಿ.

‘ಇದೆ’ಯ ಜಾಗಕ್ಕೆ ಏನು?

ಇಲ್ಲಿಯವರೆಗೆ ಕಿತ್ತದ್ದು, ಬಿಡಿಸಿದ್ದು. ನಿಷೇಧಕ್ಕೆ ತಿರುಗಿಸಿದಾಗ ‘ಇಲ್ಲ’ ಬಂದ ವಾಕ್ಯಗಳು ಉಳಿದವಲ್ಲ, ಅವುಗಳಿಗೆ ಹೊಸ ಕ್ರಿಯಾಪದ ಬೇಕಾಗಬಹುದು. ‘ಬಿಸಿಲು ಜೋರಾಗಿದೆ’, ‘ಬೀದಿ ಖಾಲಿಯಾಗಿದೆ’, ‘ನಿಲ್ದಾಣವು ಜನದಟ್ಟಣೆಯಿಂದ ಕೂಡಿದೆ’: ಇವುಗಳಲ್ಲಿ ಸುದ್ದಿ ಇದೆ, ದೃಶ್ಯವಿಲ್ಲ. ಬಿಸಿಲು ಸುಡುತ್ತಿದೆ ಎನ್ನಬಹುದು, ಕಣ್ಣು ಕುಕ್ಕುತ್ತಿದೆ ಎನ್ನಬಹುದು. ಒಂದು ಚರ್ಮಕ್ಕೆ ತಾಗುತ್ತದೆ, ಇನ್ನೊಂದು ಕಣ್ಣಿಗೆ. ಬೀದಿ ಬಿಕೋ ಎನ್ನುತ್ತದೆ. ನಿಲ್ದಾಣ ಗಿಜಿಗುಡುತ್ತದೆ.

ಬದಲಿ ಪದ ಹುಡುಕಲು ನಿಘಂಟಿನ ಸಮಾನಾರ್ಥಕ ಪಟ್ಟಿಗಿಂತ ಒಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಅದು ಅಲ್ಲಿ ಹೇಗಿದೆ? ಕೊಡೆ ಮೂಲೆಯಲ್ಲಿ ‘ಇದೆ’. ಹೇಗಿದೆ? ಗೋಡೆಗೆ ಒರಗಿದೆ, ಮೊಳೆಗೆ ನೇತುಬಿದ್ದಿದೆ, ನೆಲಕ್ಕೆ ಉರುಳಿದೆ. ಮೂರೂ ಮೂರು ಬೇರೆ ಮನೆಗಳು.

ಕನ್ನಡದ ಕ್ರಿಯಾಪದಗಳು ಎಷ್ಟು ಸೂಕ್ಷ್ಮ ಎಂಬುದು ನೀರಿನ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ. ‘ನೀರು ಬರುತ್ತಿದೆ’ ಎಂಬ ಒಂದು ವಾಕ್ಯದ ಹಿಂದೆ ಹತ್ತು ದೃಶ್ಯಗಳಿರಬಹುದು. ಸಣ್ಣ ಬಿರುಕಿನಿಂದ ಕಂಡೂ ಕಾಣದಷ್ಟು ಬಂದರೆ ಜಿನುಗುತ್ತದೆ. ಬಂಡೆಯ ಮೈಯಿಂದ ತೇವವಾಗಿ ಹೊರಬಂದರೆ ಒಸರುತ್ತದೆ. ಹನಿಹನಿಯಾಗಿ ಬಿದ್ದರೆ ತೊಟ್ಟಿಕ್ಕುತ್ತದೆ. ಬರಬಾರದ ಜಾಗದಿಂದ ಬಂದರೆ ಸೋರುತ್ತದೆ. ಈ ಪದದಲ್ಲಿ ದೂರಿನ ದನಿಯೂ ಇದೆ. ಒತ್ತಡದಿಂದ ಮೇಲೆದ್ದರೆ ಚಿಮ್ಮುತ್ತದೆ, ಒಳಗಿನಿಂದ ಏರಿ ಹೊರಚೆಲ್ಲಿದರೆ ಉಕ್ಕುತ್ತದೆ, ತುಂಬಿದ ಕೊಡ ಅಲುಗಿ ಅಂಚಿನಿಂದ ಚೆಲ್ಲಿದರೆ ತುಳುಕುತ್ತದೆ, ಎತ್ತರದಿಂದ ಒಟ್ಟಿಗೇ ಬಿದ್ದರೆ ಧುಮ್ಮಿಕ್ಕುತ್ತದೆ. ಕೊನೆಗೆ ಮಣ್ಣಿನೊಳಗೆ ಇಳಿದುಹೋದರೆ ಇಂಗುತ್ತದೆ. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ. ಪ್ರತಿಯೊಂದೂ ನೀರಿನ ಪ್ರಮಾಣ, ವೇಗ, ದಿಕ್ಕು ಮೂರನ್ನೂ ಒಂದೇ ಪದದಲ್ಲಿ ಹೇಳುತ್ತದೆ. ‘ಸ್ವಲ್ಪ ಸ್ವಲ್ಪವಾಗಿ ನಿಧಾನಕ್ಕೆ ನೀರು ಬರುತ್ತಿದೆ’ ಎಂದು ವಿಶೇಷಣ ಪೇರಿಸುವ ಕಷ್ಟವೇ ಬೇಡ.

ಸದ್ದನ್ನು ಅನುಕರಿಸುವ ಪದಗಳು ಇನ್ನೊಂದು ಗಣಿ. ‘ಗುಟ್ಟು’, ‘ಇಸು’, ‘ಎನ್ನು’ ಸೇರಿಸಿದರೆ ಸದ್ದು ಕ್ರಿಯಾಪದವಾಗುತ್ತದೆ: ಪಿಸುಪಿಸು ಪಿಸುಗುಟ್ಟುತ್ತದೆ, ಬಡಬಡ ಬಡಬಡಿಸುತ್ತದೆ, ತಳತಳ ತಳತಳಿಸುತ್ತದೆ. ಸದ್ದೇ ಇಲ್ಲದ ಸಂಗತಿಗಳಿಗೂ ಇವು ಒದಗುತ್ತವೆ; ಹೊಳಪಿಗೆ ಸದ್ದೆಲ್ಲಿದೆ?

ಮನಸ್ಸಿನ ಸ್ಥಿತಿ ಹೇಳುವ ವಾಕ್ಯಗಳಲ್ಲಿ ‘ಕಾಣುತ್ತಿದ್ದ’, ‘ತೋರುತ್ತಿದ್ದ’ ಕೂಡ ಅಂಟುಪದಗಳೇ. ‘ಅವನು ದಣಿದಂತೆ ಕಾಣುತ್ತಿದ್ದ’ ಎನ್ನುವಾಗ ಬರೆಯುವವರು ಏನನ್ನೋ ನೋಡಿ ಆ ತೀರ್ಮಾನಕ್ಕೆ ಬಂದಿರುತ್ತಾರೆ. ನೋಡಿದ್ದನ್ನೇ ಬರೆದರೆ ಆಯಿತು: ‘ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ.’ ದಣಿವನ್ನು ಓದುವವರೇ ಕಂಡುಕೊಳ್ಳುತ್ತಾರೆ.

ಒಂದು ಪ್ಯಾರಾದ ರಿಪೇರಿ

ಇಷ್ಟನ್ನೂ ಒಟ್ಟಿಗೆ ಹಚ್ಚಿ ನೋಡೋಣ. ಮೊದಲ ಕರಡು ಇದು:

‘ಅದು ಒಂದು ಹಳೆಯ ಮನೆಯಾಗಿತ್ತು. ಮನೆಯು ಎರಡು ಕಿಟಕಿಗಳನ್ನು ಹೊಂದಿತ್ತು. ಕಿಟಕಿಗಳ ಗಾಜು ಒಡೆದ ಸ್ಥಿತಿಯಲ್ಲಿತ್ತು. ಗೋಡೆಯ ಮೇಲೆ ಬಳ್ಳಿ ಇತ್ತು. ಒಳಗೆ ಕತ್ತಲೆಯಾಗಿತ್ತು ಮತ್ತು ಧೂಳಿನ ವಾಸನೆ ಇತ್ತು. ಮೂಲೆಯಲ್ಲಿ ಒಂದು ಕುರ್ಚಿ ಇತ್ತು. ಚಾವಣಿಯಿಂದ ನೀರು ಬರುತ್ತಿತ್ತು.’

ಎಂಟು ಕ್ರಿಯಾಪದ, ಎಂಟೂ ‘ತ್ತು’ವಿನಲ್ಲಿ ಮುಗಿಯುತ್ತವೆ. ಜೋರಾಗಿ ಓದಿದರೆ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ.

ಮೊದಲು ಕೀಳುವ ಕೆಲಸ. ‘ಅದು ಹಳೆಯ ಮನೆ’ ಸಾಕು, ಮುಂದಿನ ವಾಕ್ಯಗಳು ಭೂತಕಾಲವನ್ನು ಹೊರುತ್ತವೆ. ‘ಹೊಂದಿತ್ತು’ ಇದ್ದ ವಾಕ್ಯ ಪ್ರತ್ಯೇಕ ಬದುಕುವ ಅಗತ್ಯವಿಲ್ಲ, ಮುಂದಿನದರೊಳಗೆ ಸೇರಲಿ: ‘ಎರಡು ಕಿಟಕಿಗಳ ಗಾಜೂ ಒಡೆದಿತ್ತು.’ ಜೊತೆಗೆ ‘ಸ್ಥಿತಿಯಲ್ಲಿ’ ಎಂಬ ಬೊಜ್ಜೂ ಕರಗಿತು. ಆಮೇಲೆ ‘ಹೇಗಿತ್ತು’ ಎಂಬ ಪ್ರಶ್ನೆ. ಬಳ್ಳಿ ಹಬ್ಬಿತ್ತು, ಕುರ್ಚಿ ಒರಗಿತ್ತು, ನೀರು ತೊಟ್ಟಿಕ್ಕುತ್ತಿತ್ತು, ಧೂಳು ಮೂಗಿಗೆ ಅಡರುತ್ತಿತ್ತು.

‘ಅದು ಹಳೆಯ ಮನೆ. ಎರಡು ಕಿಟಕಿಗಳ ಗಾಜೂ ಒಡೆದಿತ್ತು. ಬಳ್ಳಿ ಗೋಡೆಗೆ ಹಬ್ಬಿ ಸೂರು ಮುಟ್ಟಿತ್ತು. ಒಳಗೆ ಕತ್ತಲು. ಕಾಲಿಟ್ಟರೆ ಧೂಳು ಮೂಗಿಗೆ ಅಡರುತ್ತಿತ್ತು. ಮೂಲೆಯಲ್ಲಿ ಗೋಡೆಗೆ ಒರಗಿದ ಕುರ್ಚಿ, ಅದರ ಮೇಲೆ ಚಾವಣಿಯಿಂದ ತೊಟ್ಟಿಕ್ಕುವ ನೀರು.’

ಇನ್ನೂ ಮೂರು ‘ತ್ತು’ ಉಳಿದಿವೆ, ಉಳಿಯಲಿ. ‘ಒಡೆದಿತ್ತು’ ಎಂಬಲ್ಲಿ ಕೆಲಸ ಮಾಡುವ ಪದ ‘ಒಡೆ’. ‘ಇತ್ತು’ ಬರೀ ಕಾಲ ತೋರಿಸುವ ಸಹಾಯಕ. ಅಂಟುಪದದ ಹಿಂದೆ ನಾಮಪದವೋ ಗುಣವೋ ಇರುತ್ತದೆ (ಮನೆ, ಸ್ವಚ್ಛ), ಸಹಾಯಕ್ಕೆ ಬಂದ ‘ಇದೆ’ಯ ಹಿಂದೆ ಕ್ರಿಯೆ ಇರುತ್ತದೆ (ಒಡೆದು, ಒರಗಿ, ಹಬ್ಬಿ). ಇವೆರಡನ್ನೂ ಒಂದೇ ಎಂದು ಎಣಿಸಿ ಎಲ್ಲ ‘ಇದೆ’ಯನ್ನೂ ಬೇಟೆಯಾಡಿದರೆ ಬರಹ ತಂತಿ ಸಂದೇಶವಾಗುತ್ತದೆ. ಕ್ರಿಯಾಪದವಿಲ್ಲದ 2 ತುಣುಕುಗಳು ಸಾಲಾಗಿ ಬಂದರೆ ಲಯ. 5 ಬಂದರೆ ಸಿನಿಮಾದ ಚಿತ್ರಕತೆ ಓದಿದ ಹಾಗಾಗುತ್ತದೆ.

ಹೊಸ ಪ್ಯಾರಾ ಮೂಲದಲ್ಲಿ ಇಲ್ಲದ ಸಂಗತಿಗಳನ್ನೂ ಹೇಳುತ್ತಿದೆ: ಬಳ್ಳಿ ಸೂರು ಮುಟ್ಟಿದ್ದು, ನೀರು ಕುರ್ಚಿಯ ಮೇಲೇ ಬೀಳುತ್ತಿದ್ದದ್ದು. ಗಟ್ಟಿ ಕ್ರಿಯಾಪದ ಹೆಚ್ಚು ಮಾಹಿತಿ ಕೇಳುತ್ತದೆ. ಕತೆಯಲ್ಲಿ ಅದನ್ನು ಕಟ್ಟಬಹುದು. ವರದಿಯಲ್ಲಿ ಕಟ್ಟಬಾರದು; ಕುರ್ಚಿ ಒರಗಿತ್ತೋ ನಿಂತಿತ್ತೋ ಗೊತ್ತಿಲ್ಲದಿದ್ದರೆ ‘ಇತ್ತು’ ಎಂಬುದೇ ಪ್ರಾಮಾಣಿಕ ಪದ.

ತಿದ್ದುವಾಗ ಕೈ ತಪ್ಪುವುದೆಲ್ಲಿ

ವಿಭಕ್ತಿ ಬದಲಿಸಲು ಮರೆಯುವುದು ಎಲ್ಲಕ್ಕಿಂತ ಸಾಮಾನ್ಯ. ಪ್ರತಿ ಕ್ರಿಯಾಪದವೂ ತನ್ನದೇ ವಿಭಕ್ತಿ ಕೇಳುತ್ತದೆ. ಗೋಡೆಯ ಮೇಲೆ ಬಳ್ಳಿ ಇದೆ; ಆದರೆ ಬಳ್ಳಿ ಗೋಡೆಗೆ ಹಬ್ಬಿದೆ, ಗೋಡೆಯನ್ನು ತಬ್ಬಿದೆ. ಕ್ರಿಯಾಪದ ಮಾತ್ರ ಬದಲಿಸಿ ‘ಗೋಡೆಯ ಮೇಲೆ ತಬ್ಬಿದೆ’ ಎಂದು ಬಿಟ್ಟರೆ ತಿದ್ದದೇ ಇದ್ದದ್ದಕ್ಕಿಂತ ಕೆಟ್ಟದು.

ಸವೆದ ಕ್ರಿಯಾಪದ ಇನ್ನೊಂದು ಬಲೆ. ತೋಟಗಳೆಲ್ಲ ‘ಕಂಗೊಳಿಸುತ್ತಿವೆ’, ಸಂಭ್ರಮ ‘ಮನೆಮಾಡಿದೆ’, ಕನಸು ‘ಗರಿಗೆದರಿದೆ’, ಹರ್ಷೋದ್ಗಾರ ‘ಮುಗಿಲು ಮುಟ್ಟಿದೆ’. ಒಂದು ಕಾಲಕ್ಕೆ ಇವು ಚಿತ್ರಗಳೇ. ಬಳಸಿ ಬಳಸಿ ಈಗ ಇವೂ ಅಂಟುಪದಗಳಾಗಿವೆ, ಸ್ವಲ್ಪ ಉದ್ದದವು. ‘ತೋಟ ಚೆನ್ನಾಗಿದೆ’ ಎಂಬ ಸಾದಾ ವಾಕ್ಯ ಇವಕ್ಕಿಂತ ವಾಸಿ.

ಪದ ಗಟ್ಟಿಯಾದಷ್ಟೂ ಅದರ ಗಡಿ ಚಿಕ್ಕದು. ನಲ್ಲಿಯಿಂದ ನೀರು ಧುಮ್ಮಿಕ್ಕದು. ಎಲ್ಲ ಮರಗಳೂ ನಿಂತೇ ಇರುವುದರಿಂದ ‘ಮರ ಇದೆ’ ಎಂಬುದನ್ನು ‘ಮರ ನಿಂತಿದೆ’ ಎಂದರೆ ಲಾಭವೇನೂ ಇಲ್ಲ. ಸುತ್ತಲಿನದೆಲ್ಲ ಬಿದ್ದಿರುವಾಗ ಅದೊಂದು ನಿಂತಿದ್ದರೆ ಮಾತ್ರ ‘ನಿಂತಿದೆ’ಗೆ ತೂಕ. ಸಂಭಾಷಣೆಯ ನಂತರ ಬರುವ ‘ಎಂದ’, ‘ಎಂದಳು’ಗಳನ್ನು ಹಾಗೇ ಬಿಡಿ. ಪ್ರತಿ ಮಾತಿಗೂ ಗೊಣಗಿದ, ಗದರಿದ, ಉಸುರಿದ, ಒದರಿದ ಎಂದು ಬರೆದರೆ ಓದುವವರ ಗಮನ ಮಾತಿನಿಂದ ಜಾರಿ ಬರೆದವರ ಕಡೆ ತಿರುಗುತ್ತದೆ. ಔಷಧಿಯ ಸೂಚನೆ, ಕರಾರು ಪತ್ರ, ಪ್ರಯೋಗದ ವಿವರಗಳಿಗೆ ಚಿತ್ರ ಬೇಕಿಲ್ಲ. ಅಲ್ಲಿ ಕೀಳುವುದು, ಬಿಡಿಸುವುದು ಇಷ್ಟೇ ಸಾಕು.

ಹುಡುಕುವ ಬಗೆ

ಕಂಪ್ಯೂಟರಿನಲ್ಲಿ ‘ಆಗಿದೆ’ ಎಂದು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಸಂಧಿಯಾಗಿ ಅದು ‘ವಾಗಿದೆ’, ‘ಯಾಗಿದೆ’, ‘ದಾಗಿದೆ’ ಎಂದೆಲ್ಲ ಬದಲಾಗಿರುತ್ತದೆ, ಆರಂಭದ ‘ಆ’ ಅಕ್ಷರವೇ ಉಳಿದಿರುವುದಿಲ್ಲ. ‘ಗಿದೆ’ ಎಂಬ ತುಣುಕನ್ನು ಹುಡುಕಿ. ಹೋಗಿದೆ, ಸಾಗಿದೆ, ಮುಳುಗಿದೆ, ಒರಗಿದೆ ಕೂಡ ಬಲೆಗೆ ಬೀಳುತ್ತವೆ. ಅವು ಕೆಲಸ ಮಾಡುವ ಪದಗಳು, ದಾಟಿ ಮುಂದೆ ಹೋಗಿ. ಜೊತೆಗೆ ‘ಗಿದ್ದ’, ‘ಗಿರುತ್ತ’, ‘ಹೊಂದಿ’, ‘ಲಾಗಿ’, ‘ಲಾಯಿತು’, ‘ಲ್ಪಟ್ಟ’ ಹುಡುಕಿದರೆ ಇಲ್ಲಿ ಹೇಳಿದ್ದರ ಬಹುಪಾಲು ಕೈಗೆ ಸಿಗುತ್ತದೆ.

ಬರೆಯುತ್ತಿರುವಾಗಲೇ ಹುಡುಕಬೇಡಿ, ಕೈ ಕಟ್ಟಿಹಾಕಿದಂತಾಗುತ್ತದೆ. ಕರಡು ಮುಗಿದ ಮೇಲೆ ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಗಟ್ಟಿಯಾಗಿ ಓದುತ್ತ ಹೋಗಿ. ಒಂದೇ ಸದ್ದು ಸಾಲಾಗಿ ಮೂರು ಸಲ ಕೇಳಿಸಿದರೆ ನಡುವಿನದನ್ನು ಮೊದಲು ತಿದ್ದಿ. ಎಷ್ಟೋ ಸಲ ಅಕ್ಕಪಕ್ಕದ ಎರಡನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.